ಓಟಗಾರರನ್ನು ಹಿಂದಿನಿಂದ ನೋಡುತ್ತಿದ್ದವರು

ತೊಂಬತ್ತರ ದಶಕದಲ್ಲಿ ಶಿಕಾರಿಪುರದ ನಮ್ಮ ಕಾಲೇಜಿಗೆ ಬಂದ ದೈಹಿಕ ಶಿಕ್ಷಕರು ಓಟಗಾರರನ್ನು ಹಿಂದಿನಿಂದಲೇ ನೋಡುತ್ತಿದ್ದರು. "ಮುಂದಿಂದ ಎಲ್ಲಾರೂ ಹುಲಿನೇ ರೀ, ಹಿಂದಿಂದ ನೋಡ್ಬೇಕು" ಎನ್ನುತ್ತಿದ್ದರು. ಅವರ ಮುಖ ನನಗೆ ನೆನಪಿದೆ; ಅದು ಬೇರೆ ಯಾರದೋ ಮುಖವೂ ಇರಬಹುದು.

ಜಿಲ್ಲಾ ತಂಡದ ಆಯ್ಕೆಯ ದಿನ, ಜಡೆಯ ಹುಡುಗಿಯೊಬ್ಬಳನ್ನು ಓಡಿಸಿ ನೋಡಿದರು. "ಎಡ ಮೊಣಕಾಲು ಒಳಕ್ಕೆ ಬೀಳ್ತೈತವ್ವಾ. ಇವತ್ತು ಓಡಬ್ಯಾಡ."

"ಇದು ನಂದು ಕಡೇ ವರ್ಷ ಸಾರ್. ಮೊಣಕಾಲು ಮುಂದಿನ ವರ್ಷ ನೋಯ್ಲಿ ಬಿಡಿ."

ಅವರು ನಕ್ಕು, "ಹೆಜ್ಜೆ ಸಣ್ಣದು ಹಾಕು" ಎಂದಷ್ಟೇ ಹೇಳಿದರು.

ಓಟ ಶುರುವಾದಾಗ ನಾವೆಲ್ಲ ಕೂಗುತ್ತಿದ್ದೆವು. ಅವರು ಐಸ್‌ಕ್ಯಾಂಡಿ ಗಾಡಿಯತ್ತ ಹೊರಟಿದ್ದರು.

ಮೊದಲು ಬಂದ ಆಕೆಯನ್ನು ಎಲ್ಲರೂ ಮುತ್ತಿಕೊಂಡರು. ಶಿಕ್ಷಕರು ಟವೆಲಿನಲ್ಲಿ ಸುತ್ತಿದ ಐಸನ್ನು ಮುಂದೆ ಹಿಡಿದರು. ಆಕೆ ಅದನ್ನು ಕಸಿದುಕೊಂಡು, ಮೊಣಕಾಲಿಗೆ ಒತ್ತಿ, ಅಲ್ಲೇ ಕೂತು ಅತ್ತಳು.