ಫ್ಲೋರಾ ಸಿಸ್ಟರ್ ಮತ್ತೆ ಬಂದ ಸಂಜೆ

ಈ ಬೆಳಿಗ್ಗೆ ಮೊಮ್ಮಗಳು ತನ್ನ ಮಗುವಿಗೆ ಪೌಡರ್ ಹಚ್ಚುತ್ತಿದ್ದಳು. ಆ ವಾಸನೆಗೆ ನಾನು ಜೋಗಕ್ಕೆ ಹೋಗಿಬಿಟ್ಟೆ. ಎಂಬತ್ತು ದಾಟಿದ ನನಗೆ ತಿಂಡಿ ಏನು ತಿಂದೆನೆಂಬುದೂ ನೆನಪಿರುವುದಿಲ್ಲ, ನೋಡಿ; ಆ ಕಾಲದ್ದು ಮಾತ್ರ ಮರೆತೇನೆಂದರೂ ಮರೆಯದು.

ಲಿಂಗನಮಕ್ಕಿ ಅಣೆಕಟ್ಟು ಏಳುತ್ತಿದ್ದ ವರ್ಷಗಳವು. ಅಪ್ಪ ಪವರ್ ಹೌಸಿನಲ್ಲಿ ಫಿಟ್ಟರ್. ಅಮ್ಮನ ಹೊಟ್ಟೆಯ ಗಡ್ಡೆಗೆ ಇನ್ನು ಔಷಧಿಯಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ದೊಡ್ಡಾಸ್ಪತ್ರೆಯವರು ಹೇಳಿದಾಗ ನಾನು ಚೊಚ್ಚಲ ಬಸುರಿ, ತವರಿನಲ್ಲಿದ್ದೆ. ಕೊಡ ಎತ್ತುವುದೇ ಕಷ್ಟ, ಅಮ್ಮನನ್ನು ಎತ್ತುವುದೆಲ್ಲಿ? ಆರೈಕೆ ಅಪ್ಪನ ಪಾಲಿಗೆ ಬಂತು. ಅಪ್ಪನೋ, ಮಂಚದಿಂದ ಮಾರು ದೂರ ಕೈಕಟ್ಟಿ ನಿಲ್ಲುತ್ತಿದ್ದ.

ಕಾಲೊನಿಯ ಆಸ್ಪತ್ರೆಯ ನರ್ಸ್ ಫ್ಲೋರಾ ಸಿಸ್ಟರ್ ಡ್ಯೂಟಿ ಮುಗಿಸಿ ಹೋಗುವಾಗ ನಮ್ಮಲ್ಲಿಗೆ ಬರುತ್ತಿದ್ದರು.

"ಯಾಕ್ರೀ ಅಷ್ಟು ದೂರ ನಿಂತೀರಿ?" ಎಂದರು ಒಂದು ದಿನ.

"ನೋವಾದ್ರೆ ಅಂತ, ಸಿಸ್ಟರ್. ಇದು ಕಬ್ಬಿಣ ಹಿಡಿಯೋ ಕೈ."

"ಇರ್ಲಿ, ಇಲ್ಲಿ ಕೊಡಿ."

ಅಪ್ಪನ ಒಂದು ಕೈಯನ್ನು ಅಮ್ಮನ ಹೆಗಲಿಗೆ, ಇನ್ನೊಂದನ್ನು ಸೊಂಟಕ್ಕೆ ಅವರೇ ಇಡಿಸಿದರು. "ಎಳೀಬೇಡಿ. ಮೆಲ್ಲಗೆ ನಿಮ್ಮ ಕಡೆ ಹೊರಳಿಸ್ಕಳಿ." ಅಮ್ಮ ಹೊರಳಿದಳು, ನರಳಲಿಲ್ಲ. ಬೆನ್ನೊರೆಸಿ ಪೌಡರ್ ಹಚ್ಚುವುದನ್ನೂ ಕಲಿಸಿದರು. ಅಮ್ಮನಿಗೆ ನಾಚಿಕೆಯೋ ನಾಚಿಕೆ. "ಬಾಗ್ಲು ಹಾಕೇ, ಯಾರಾದ್ರೂ ನೋಡ್ತಾರೆ!" ಎಂದು ನನ್ನನ್ನು ಗದರಿದಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ನಗುವಿತ್ತು.

ಅಪ್ಪ ಸೊರಗಿದ್ದನ್ನು ಕಂಡವರೂ ಸಿಸ್ಟರೇ. "ಮೊದ್ಲು ಉಣ್ಣಿ. ನೀವು ಮಲಗಿದ್ರೆ ಇವರನ್ನ ನೋಡೋರು ಯಾರು?" ಎಂದು ಅವನನ್ನು ಅಡಿಗೆಮನೆಗೆ ಅಟ್ಟಿ, ಅವನು ಕೈತೊಳೆಯುವ ತನಕ ತಾವೇ ಅಮ್ಮನ ಪಕ್ಕ ಕೂರುತ್ತಿದ್ದರು.

ಅಮ್ಮ ಹೋದದ್ದು ಒಂದು ಮಧ್ಯಾಹ್ನ, ಅಪ್ಪ ಅವಳ ತಲೆ ಬಾಚುತ್ತಿದ್ದಾಗ. ಅವನು ಅಳಲಿಲ್ಲ. ಕರ್ಮಾಂತರ ಮುಗಿದು ನೆಂಟರೆಲ್ಲ ಸಾಗರದ ಬಸ್ಸು ಹತ್ತಿದ ಮೇಲೂ ಅಳಲಿಲ್ಲ. ಹಾಗಿರುವಾಗ ಒಂದು ಸಂಜೆ ಸಿಸ್ಟರ್ ಬಂದರು. ಅಪ್ಪ ತಬ್ಬಿಬ್ಬಾದ.

"ಕಾಯಿಲೆಯವರು ಯಾರೂ ಇಲ್ವಲ್ಲ ಸಿಸ್ಟರ್ ಈಗ."

"ನಿಮ್ಮನ್ನ ನೋಡಕ್ಕೆ ಬಂದೆ. ಉಂಡ್ರಾ?"

ಅಪ್ಪ ಗೋಡೆಗೊರಗಿ ಕೂತ. "ಶಿಫ್ಟ್ ಮುಗಿದ್ರೆ ಮನೆ ಕಡೆ ಕಾಲೇ ಏಳಲ್ಲ ಸಿಸ್ಟರ್" ಎಂದವನು ಬಿಕ್ಕಿಬಿಕ್ಕಿ ಅತ್ತ. ಅವರು ಸಮಾಧಾನದ ಒಂದು ಮಾತೂ ಆಡಲಿಲ್ಲ. ನಾನು ಕೊಟ್ಟ ಕಾಫಿ ಆರಿಹೋದರೂ ಎದ್ದು ಹೋಗಲಿಲ್ಲ.

ಇಷ್ಟು ಬರೆಯುವಾಗ ಹಿಂದಿನ ಬೀದಿಯ ಮೇಷ್ಟರ ನೆನಪಾಯಿತು. ಅವರ ಹೆಂಡತಿ ತೀರಿಕೊಂಡು ತಿಂಗಳಾಗಿದೆ. ಹೋಗಿ ಏನು ಮಾತಾಡಲಿ ಎಂದು ನಾನು ಆ ಕಡೆ ಸುಳಿದಿರಲಿಲ್ಲ. ಪೆನ್ನು ಮುಚ್ಚಿಟ್ಟು ಹೊರಟೆ.

"ಏನಾದ್ರೂ ಕೆಲ್ಸ ಇತ್ತಾ, ಅಮ್ಮಾ?" ಎಂದರು ಮೇಷ್ಟರು, ಬಾಗಿಲು ತೆರೆದು.

"ಏನೂ ಇಲ್ಲ" ಎಂದು ಒಳಗೆ ಹೋಗಿ ಕೂತೆ.