ಅತ್ತೆಯ ಎಣ್ಣೆ, ನನ್ನ ಸೇವಂತಿಗೆ

ಸುಗ್ಗಿ ಬಂತೆಂದರೆ ಬ್ಯಾಡಗಿಯಲ್ಲಿ ಊರಿಗೆ ಊರೇ ಸೀನುತ್ತದೆ. ಮೆಣಸಿನಕಾಯಿ ಘಾಟು ನಮಗೆ ಗಾಳಿಯಷ್ಟೇ ರೂಢಿ. ಅಂಥ ಊರಿನಲ್ಲಿ, ಅದೂ ಮೆಣಸಿನಕಾಯಿ ದಲಾಲಿ ಅಂಗಡಿಯವರ ಮನೆಯಲ್ಲಿ, ನನ್ನ ಅತ್ತೆಗೆ ತಡೆಯಲಾಗದ ವಾಸನೆ ಯಾವುದಿತ್ತು ಗೊತ್ತೇ? ನನ್ನ ಟರ್ಪೆಂಟೈನ್ ಬಾಟಲಿಯದು!

ರಾಣೆಬೆನ್ನೂರಿನಿಂದ ಸೊಸೆಯಾಗಿ ಬರುವಾಗ ಸೀರೆ, ಪಾತ್ರೆಗಳ ಜೊತೆ ತೈಲವರ್ಣದ ಪೆಟ್ಟಿಗೆಯನ್ನೂ ಹೊತ್ತು ತಂದಿದ್ದೆ. ಹೂಗಳನ್ನಷ್ಟೇ ಬರೆಯುತ್ತಿದ್ದೆ. ಮನುಷ್ಯರನ್ನು ಬರೆದರೆ ನನ್ನ ಮೂಗು ಹೀಗಿಲ್ಲ ಎಂದು ಜಗಳಕ್ಕೆ ಬರುತ್ತಾರೆ. ಹೂವಿಗೆ ಆ ಕೊಬ್ಬಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸದು. ಹಾವೇರಿಯಲ್ಲಿ ಹೆಣ್ಣುಮಕ್ಕಳ ಚಿತ್ರಪ್ರದರ್ಶನವಿದೆ ಎಂದು ತಿಳಿದು, ಬಿಳಿ ಸೇವಂತಿಗೆಯ ದೊಡ್ಡ ಚಿತ್ರವೊಂದನ್ನು ಶುರು ಹಚ್ಚಿಕೊಂಡೆ. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ಬಂದು ನಿಂತರು.

“ಏನವಾ ಇದು, ಮನಿಯೋ ಗ್ಯಾರೇಜೋ? ಇದೊಂದು ಮುಗಿಸು. ಆಮ್ಯಾಲೆ ಆ ಪೆಟ್ಟಿಗಿ ಅಟ್ಟ ಹತ್ತಬೇಕು ನೋಡು.”

ನನಗೆ ಪಿತ್ತ ನೆತ್ತಿಗೇರಿತು. ಗಂಡನ ಕಡೆ ನೋಡಿದರೆ ಪುಣ್ಯಾತ್ಮ ಪೇಪರಿನಲ್ಲಿ ಮುಖ ಹುದುಗಿಸಿಕೊಂಡ. ಇದೇ ಕೊನೆಯ ಚಿತ್ರವಾದರೆ ನಾನು ಈ ಮನೆಯಲ್ಲಿ ಉಸಿರಾಡುವುದಾದರೂ ಹೇಗೆ ಎಂದು ಅಡುಗೆಮನೆಯಲ್ಲಿ ಅತ್ತುಬಿಟ್ಟೆ. ಅವತ್ತು ನಾನು ರೊಟ್ಟಿ ಬಡಿದ ಸಪ್ಪಳ ಓಣಿಗೆಲ್ಲ ಕೇಳಿಸಿರಬೇಕು.

ಸಿಟ್ಟು ಇಳಿದ ಮೇಲೆ ಒಂದು ಉಪಾಯ ಹೊಳೆಯಿತು. ಅತ್ತೆಯ ಹತ್ತಿರ ಹೋಗಿ, ವಾಸನೆ ಬರುವ ಬಾಟಲಿ ಬಿಟ್ಟು ಬರೀ ಎಣ್ಣೆಯಲ್ಲೇ ಬಣ್ಣ ಕಲಸುತ್ತೇನೆ ಎಂದೆ.

“ಯಾವ ಎಣ್ಣಿ?”

“ಅಗಸಿ ಎಣ್ಣಿರಿ, ಅತ್ತಿ.”

ಅತ್ತೆಯ ಮುಖವೇ ಬದಲಾಯಿತು. “ಅಗಸಿ ಎಣ್ಣಿ ಅಂತ ಮೊದಲ ಬಾಯಿಬಿಟ್ಟು ಹೇಳಬಾರ್ದೇನು? ಮನ್ಯಾಗ ಇರೂವಾಗ ಪ್ಯಾಟಿದು ಯಾಕ?”

ಒಳಗೆ ಹೋಗಿ ತಂಬಿಗೆ ತುಂಬ ತಂದಿಟ್ಟರು. ಅವರ ತವರೂರು ಅಗಡಿಯಿಂದ ಬಂದ ಗಾಣದ ಅಗಸೆ ಎಣ್ಣೆ. ಬಾಗಿಲ ಚೌಕಟ್ಟಿಗೆ ಹಚ್ಚಲು ಇಟ್ಟಿದ್ದರಂತೆ. ಅತ್ತೆಯ ತವರಿನ ಎಣ್ಣೆ ಬೇಡ ಅನ್ನುವ ಧೈರ್ಯ ಯಾವ ಸೊಸೆಗಿದೆ? ಧಾರಾಳವಾಗಿ ಸುರಿದುಕೊಂಡು ಬರೆದೆ.

ಚೆನ್ನಾಗಿಯೇ ಬಂತು. ಆದರೆ ಒಣಗಬೇಕಲ್ಲ! ಶೋಧಿಸದ ಎಣ್ಣೆ, ಮೇಲೆ ಬಣ್ಣ ಬೇಗ ಒಣಗಿಸುವ ಟರ್ಪೆಂಟೈನೂ ಇಲ್ಲ. ವಾರ ಕಳೆದರೂ ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಹೊರಗೆ ಮೆಣಸಿನಕಾಯಿ ಚೀಲ ಇಳಿಸುತ್ತಿದ್ದರು, ಕೆಂಪು ಧೂಳು ಕಿಟಕಿಯಿಂದ ನುಗ್ಗುತ್ತಿತ್ತು. ಹಸಿ ಬಣ್ಣದ ಬಿಳಿ ಹೂವಿನ ಮೇಲೆ ಅದು ಕೂತರೆ ಕತೆ ಮುಗಿದಂತೆಯೇ. ನನಗಿಂತ ಮೊದಲು ಗಾಬರಿಯಾದವರು ಅತ್ತೆ. ತವರಿನ ಎಣ್ಣೆ ಕೈಕೊಟ್ಟಿತಲ್ಲ! ಚಿತ್ರವನ್ನು ಎತ್ತಿಕೊಂಡು ಹೋಗಿ, ಕಿಟಕಿಯೇ ಇಲ್ಲದ ದೇವರ ಕೋಣೆಯಲ್ಲಿಟ್ಟರು. ದಿನಾ ಪೂಜೆ ಮುಗಿಸಿ, ಕಿರುಬೆರಳಿನಿಂದ ಅದರ ಮೂಲೆ ಮುಟ್ಟಿ, “ಇನ್ನ ಹಸೀನ ಐತೆವಾ” ಎನ್ನುತ್ತ ಹೊರಬರುತ್ತಿದ್ದರು. ಬೂದಿ ಹಾರೀತೆಂದು ಊದಿನಕಡ್ಡಿ ಹಚ್ಚುವುದನ್ನೂ ಬಿಟ್ಟರು. ದೇವರು ಏನೂ ಅನ್ನಲಿಲ್ಲ.

ಪ್ರದರ್ಶನದ ದಿನವೂ ಚಿತ್ರ ಹಸಿಯೇ ಇತ್ತು. ಗಂಡನಿಗೆ ಅಂಗಡಿ ಬಿಡಲಾಗದು. “ನಾ ಬರ್ತೇನಿ, ನಡಿ” ಎಂದು ಅತ್ತೆ ಹೊರಟೇಬಿಟ್ಟರು. ಉಟ್ಟಿದ್ದು ಹಸಿರು ಇಳಕಲ್ ಸೀರೆ. ಅದರ ಹತ್ತಿರ ಚಹಾದ ಕಪ್ಪು ಹಿಡಿದು ಹಾಯುವುದಕ್ಕೂ ಮನೆಮಂದಿ ಹೆದರುತ್ತಿದ್ದೆವು. ಹಾವೇರಿ ಬಸ್ಸಿನಲ್ಲಿ ಚಿತ್ರವನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಕೂತರು. ಮೋಟೆಬೆನ್ನೂರಿನಲ್ಲಿ ಜನ ನುಗ್ಗಿದರು.

“ಏ ಯಪ್ಪಾ, ಹಿಂದ ಸರಿ! ಹೂ ಇನ್ನ ಆರಿಲ್ಲ!” ಎಂದು ಅತ್ತೆ ಕೂಗಿದರು.

“ಹೂವಿಗೂ ಒಂದು ಟಿಕೀಟು ಹರೀಲೇನ್ರಿ, ಅವ್ವಾರ?” ಎಂದ ಕಂಡಕ್ಟರ್. ಬಸ್ಸಿಗೆ ಬಸ್ಸೇ ನಕ್ಕಿತು.

ಆ ನಗು ಮುಗಿಯುವ ಮೊದಲೇ ರಸ್ತೆಗೆ ಎಮ್ಮೆ ಅಡ್ಡ ಬಂತು. ಡ್ರೈವರ್ ಬ್ರೇಕ್ ಒತ್ತಿದ. ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದವನು ಚೀಲದ ಸಮೇತ ಚಿತ್ರದ ಮೇಲೆ ಬರುವುದರಲ್ಲಿದ್ದ. ಅತ್ತೆ ಸಟ್ಟನೆ ಚಿತ್ರವನ್ನು ತಮ್ಮ ಕಡೆ ತಿರುಗಿಸಿ ಎದೆಗೆ ಅವುಚಿಕೊಂಡು, ಅವನ ಚೀಲಕ್ಕೆ ಬೆನ್ನು ಕೊಟ್ಟರು. ಬಸ್ಸು ನಿಂತ ಮೇಲೆ ನೋಡಿದರೆ, ಅಯ್ಯ ಶಿವನೇ, ಇಳಕಲ್ ಸೀರೆಯ ಮೇಲೆ ಎರಡು ಬಿಳಿ ಸೇವಂತಿಗೆ ಅಚ್ಚೊತ್ತಿದ್ದವು!

“ಅತ್ತಿ, ನಿಮ್ಮ ಸೀರಿ...”

“ಸೀರಿಗೆ ಬೆಂಕಿ ಹಚ್ಚು! ಹೂವಿಗೇನಾತು ನೋಡು ಮೊದಲ!”

ಅಷ್ಟು ದಿನ ಒಳಗೊಳಗೇ ಬೈದುಕೊಂಡಿದ್ದ ಆ ಹೆಂಗಸಿನ ಮೇಲೆ ನನಗೆ ಅದೇ ಸೀಟಿನಲ್ಲಿ ವಿಪರೀತ ಪ್ರೀತಿ ಉಕ್ಕಿತು.

ಹಾವೇರಿಯಲ್ಲಿ ಬಸ್ಸು ಇಳಿದು, ಪ್ರದರ್ಶನದ ಹಾಲಿನ ಮೂಲೆಯಲ್ಲಿ ಕೂತು, ಕದಡಿದ ಎಸಳುಗಳನ್ನು ಹೆಬ್ಬೆರಳಿನಿಂದಲೇ ತೀಡಿ ಸರಿಮಾಡಿದೆ. ಬಣ್ಣ ಹಸಿ ಇದ್ದದ್ದೇ ಪುಣ್ಯ. ಗೋಡೆಗೆ ತೂಗುಹಾಕಿದ್ದೇ ತಡ, ಅತ್ತೆ ಅದರ ಪಕ್ಕ ಕಾವಲು ನಿಂತರು. ಸೀರೆಯ ಕಲೆಯನ್ನು ಮುಚ್ಚಿಕೊಳ್ಳುವ ಗೋಜಿಗೂ ಹೋಗಲಿಲ್ಲ. ನಡು ಮಧ್ಯಾಹ್ನ ಒಬ್ಬ ಹೆಂಗಸು ಬಂದು ಚಿತ್ರವನ್ನೂ ಸೀರೆಯನ್ನೂ ನೋಡಿ ಕೇಳಿದಳು:

“ಯಾರು ತಗದದ್ದರಿ ಇದನ್ನ?”

“ನಮ್ಮ ಸೊಸಿ,” ಎಂದರು ಅತ್ತೆ. “ಎಣ್ಣಿ ನಂದು.” ಆಮೇಲೆ ನನ್ನ ಕಡೆ ತಿರುಗಿಯೂ ನೋಡದೆ ಸೇರಿಸಿದರು: “ಮುಂದಿನ ವರ್ಷಾನೂ ಬರ್ರಿ. ಗುಲಾಬಿ ತಗೀತಾಳ. ಇದಕ್ಕಿಂತ ದೊಡ್ಡದು.”

ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ಪೆಟ್ಟಿಗೆ ಅಟ್ಟ ಹತ್ತುವುದು ತಪ್ಪಿತಲ್ಲ ಎಂದು ನನಗೋ ಖುಷಿ. ಗುಲಾಬಿ ನನ್ನ ಕೈಗೆ ಒಮ್ಮೆಯೂ ಸರಿಯಾಗಿ ಬಂದಿಲ್ಲ ಎಂಬುದನ್ನು ಮನೆಗೆ ಹೋದ ಮೇಲೆ ಹೇಳಿದರಾಯಿತು ಎಂದುಕೊಂಡೆ.