ಲಕ್ಕವ್ವನ ರೊಟ್ಟಿಮನೆ

ಘೋಡಗೇರಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಹೊಳೆಯ ಕಡೆಯಿಂದ ಎದ್ದ ಮಂಜು ಊರ ಕೊನೆಯ ಹಳೆಯ ಮನೆಯ ಹೊಸ್ತಿಲವರೆಗೂ ಬಂದು ನಿಂತಿದೆ. ಪಡಸಾಲೆಯಲ್ಲಿ ಸಾಲಾಗಿ ಒಲೆಗಳು ಉರಿಯುತ್ತಿವೆ. ಆರು ಹೆಂಗಸರು ಜೋಳದ ರೊಟ್ಟಿ ಬಡಿಯುತ್ತಿದ್ದಾರೆ. ಲಕ್ಕವ್ವ ಕೈಯೆತ್ತಿ ಸನ್ನೆ ಮಾಡುತ್ತಾರೆ. ಎಲ್ಲರ ಕೈಯೂ ನಿಲ್ಲುತ್ತದೆ, ಸದ್ದು ನಿಲ್ಲುವುದಿಲ್ಲ. ಯಾರೂ ಇಲ್ಲದ ಒಳಕೋಣೆಯಿಂದ ಪಟ್, ಪಟ್ ಎಂದು ಎಳೆಯ ಕೈಯ ಬಡಿತ ಕೇಳುತ್ತಲೇ ಇದೆ.

“ಅಂಜಬ್ಯಾಡ್ರಿ. ನಮ್ಮ ಮಾಯವ್ವ ಆಕಿ,” ಎನ್ನುತ್ತಾರೆ ಲಕ್ಕವ್ವ, ನೋಡಲು ಬಂದ ನಮ್ಮ ಕಡೆ ತಿರುಗಿ.

ಮಾಯವ್ವ ಈ ಮನೆಯಲ್ಲಿ ಬಾಡಿಗೆಗಿದ್ದವರ ಮಗಳು. ಅಪ್ಪ ತೀರಿಕೊಂಡ ಮೇಲೆ ಅವ್ವ ನಸುಕಿನಲ್ಲೇ ಕಬ್ಬಿನ ಗದ್ದೆಗೆ ಕೂಲಿಗೆ ಹೊರಟಳು. ಮನೆಯ ಒಲೆ ಹುಡುಗಿಯ ಪಾಲಿಗೆ ಬಂತು, ಶಾಲೆ ಏಳನೆಯ ತರಗತಿಗೇ ನಿಂತಿತು. ಮರುವರ್ಷದ ಜ್ವರ ಅವಳನ್ನು ಉಳಿಸಲಿಲ್ಲ. ಅವ್ವ ಊರು ಬಿಟ್ಟಳು. ಆಮೇಲೆ ಈ ಮನೆಯಲ್ಲಿ ಯಾರೂ ನಿಲ್ಲಲಿಲ್ಲ.

ಪಕ್ಕದ ಮನೆಯ ವಿಧವೆ ಲಕ್ಕವ್ವನಿಗೆ ಅದು ಕೊರೆಯುತ್ತಲೇ ಇತ್ತು. “ಆಕಿ ಅವ್ವಗ ಮನಿ ಬಾಜೂಕ ಒಂದು ದುಡಿಮಿ ಇದ್ದಿದ್ರ, ಕೂಸು ಸಾಲಿ ಬಿಡ್ತಿರಲಿಲ್ರಿ.” ಊರ ತಾಯಂದಿರಿಗೆ ರೊಟ್ಟಿಯ ಕೆಲಸ ಹಚ್ಚಬೇಕೆಂದು ಅವರು ಜಾಗ ಕೇಳಿದಾಗ, ಮನೆಯೊಡೆಯ ಉದ್ದಪ್ಪ ಕೀಲಿಕೈ ಕೊಟ್ಟು, “ಬಾಡಗಿ ಬ್ಯಾಡ ಬೇ. ದೀಪಾ ಹಚ್ಚಿದ್ರ ಸಾಕು,” ಅಂದರು. ಲಕ್ಕವ್ವನದು ಒಂದೇ ಕರಾರು: ಇಲ್ಲಿ ದುಡಿಯುವವಳ ಮಗಳು ಶಾಲೆಗೆ ಹೋಗುತ್ತಿರಬೇಕು.

ಮೊದಲ ದಿನವೇ ಆ ಸದ್ದು ಕೇಳಿತು. ಕಲಸಿದ ಹಿಟ್ಟು ಬಿಟ್ಟು ಹೆಂಗಸರೆಲ್ಲ ಓಡಿದರು. ಲಕ್ಕವ್ವ ಮಾತ್ರ ಒಳಗೆ ಹೋದರು. ಕೋಣೆಯಲ್ಲಿ ಒಲೆಯಿಲ್ಲ, ಹಂಚಿಲ್ಲ, ಬರೀ ಧೂಳು. “ಮೂಲ್ಯಾಗ ನೆಲಾ ಮುಟ್ಟಿ ನೋಡಿದ್ನಿ, ಬೆಚ್ಚಗಿತ್ರಿ. ಆಗಷ್ಟ ಒಲಿ ಆರಿಸಿದಂಗ. ಆದ್ರ ಆಕೀನ್ನ ಒಬ್ಬಾಕೀನ್ನ ಬಿಟ್ಟು ಓಡಾಕ ಮನಸಾಗ್ಲಿಲ್ಲ. ‘ಸಾಕ ಬಿಡು ನನ್ನವ್ವಾ, ಉಳಿದದ್ದು ನಾ ಬಡೀತೇನಿ’ ಅಂದ್ನಿ.” ಸದ್ದು ನಿಂತಿತು. ಮರುದಿನ ಮತ್ತೆ ಶುರುವಾಯಿತು.

ಕೆಲವು ವಾರ ಲಕ್ಕವ್ವ ಒಬ್ಬರೇ ಬಡಿದರು. ಆಮೇಲೊಂದು ಮುಂಜಾನೆ, ಅಂದು ಓಡಿದವರಲ್ಲಿ ಒಬ್ಬರಾದ ಶೋಭಾ ಬಾಗಿಲಿಗೆ ಬಂದರು. ಮಗಳು ದ್ರಾಕ್ಷಾಯಿಣಿಯನ್ನು ಹತ್ತನೆಯ ತರಗತಿಯಿಂದ ಬಿಡಿಸಿ ಮದುವೆ ಮಾಡಲು ಮೈದುನ ಗಂಡು ನೋಡಿಯಾಗಿತ್ತು. ಒಳಗಿನ ಸದ್ದು ಕೇಳಿಯೂ ಶೋಭಾ ಹಿಂದಿರುಗಲಿಲ್ಲ. “ಈ ಸದ್ದಿಗಿ ಅಂಜಿ ಮನ್ಯಾಗ ಕುಂತ್ರ, ನಾಳಿ ನನ್ನ ಮಗಳೂ ಹಿಂಗ ಬಡಕೋತ ಕುಂಡ್ರತಾಳ,” ಎಂದು ಸೆರಗು ಸಿಕ್ಕಿಸಿ ಒಲೆಯ ಮುಂದೆ ಕೂತರು. ಸ್ವಂತ ದುಡಿಮೆ ಕೈಗೆ ಬಂದ ಮೇಲೆ ಮೈದುನನಿಗೆ ಆಗದು ಎನ್ನುವ ಧೈರ್ಯವೂ ಬಂತು. ಅವರನ್ನು ನೋಡಿ ಉಳಿದವರು ಮರಳಿದರು.

ಈಗ ದಿನಕ್ಕೆ ಆರುನೂರು ರೊಟ್ಟಿ ಮುಂಜಾನೆಯ ಬಸ್ಸುಗಳಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿಯ ಖಾನಾವಳಿಗಳಿಗೆ ಹೋಗುತ್ತದೆ. ಗೋಕಾಕದಲ್ಲಿ ಪಿಯುಸಿ ಓದುತ್ತಿರುವ ದ್ರಾಕ್ಷಾಯಿಣಿ ಮೊನ್ನೆ ಕೈಜೋಡಿಸಲು ಬಂದಿದ್ದಳು. ಲಕ್ಕವ್ವ ಹೊಸ್ತಿಲಲ್ಲೇ ತಡೆದರು: “ನೀ ಹಿಟ್ಟ ಮುಟ್ಟಬ್ಯಾಡ. ಬಸ್ ಬರ್ತೈತಿ, ನಡಿ.”

ನಿಮಗೇನು ಬೇಕು ಎಂದರೆ ಲಕ್ಕವ್ವ ಒಳಕೋಣೆಯ ಕಡೆ ತಿರುಗುತ್ತಾರೆ.

“ಒಂದಿನ ಮುಂಜಾನೆ ಬಂದಾಗ ಒಳಗ ಸದ್ದ ಇರಬಾರ್ದ್ರಿ. ಇವತ್ತ ಆಕಿ ಸಾಲಿಗಿ ಹೋಗ್ಯಾಳ ಅಂತ ತಿಳಕೋತೇನಿ.”